ಲೀಟರಿಗೆ ಎಷ್ಟು ಕೊಡ್ತೈತೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಯಾರಾದರೂ ಕಾರು ಕೊಂಡರೆ ಅದರ ಬಣ್ಣ, ಬೆಲೆಗಳ ವಿಚಾರಣೆ ಆಮೇಲೆ. ಮೊದಲು ಬರುವ ಪ್ರಶ್ನೆ ಒಂದೇ. ಮದುವೆ ಚಪ್ಪರದಲ್ಲಿ, ಕೊಬ್ಬರಿ ಮಂಡಿಯ ಜಗಲಿಯಲ್ಲಿ, ಕಿಬ್ಬನಹಳ್ಳಿ ಕ್ರಾಸಿನ ಹೋಟೆಲಿನಲ್ಲಿ, ಎಲ್ಲೇ ಹೋಗಿ, ಅದೇ ಕಿವಿಗೆ ಬೀಳುತ್ತದೆ.

“ಏನ್ ಮಾವ, ಗಾಡಿ ಲೀಟರಿಗೆ ಎಷ್ಟು ಕೊಡ್ತೈತೆ?”

“ಹೈವೇಲಿ ಇಪ್ಪತ್ತು ಕೊಡ್ತೈತೆ ಕಣಪ್ಪ. ಊರೊಳಗೆ ಹದಿನಾಲ್ಕು ಬಂದ್ರೆ ಜಾಸ್ತಿ.”

“ಅಯ್ಯೋ, ನಮ್ಮ ಭಾವಂದು ಅದೇ ಗಾಡಿ, ಇಪ್ಪತ್ನಾಲ್ಕು ಬತ್ತೈತಂತೆ!”

ಇಷ್ಟಾದರೆ ಸಾಕು, ಮಾತು ಅರ್ಧ ಗಂಟೆ ಓಡುತ್ತದೆ. ಒಬ್ಬರು ಬಂಕಿನ ಅಳತೆಯ ಮೇಲೆ ಅನುಮಾನ ಪಡುತ್ತಾರೆ, ಇನ್ನೊಬ್ಬರು ಮೆಕ್ಯಾನಿಕ್ಕಿನ ಹೆಸರು ಸೂಚಿಸುತ್ತಾರೆ, ಮತ್ತೊಬ್ಬರು ಟ್ಯಾಂಕಿಗೆ ಹಾಕುವ ಯಾವುದೋ ಮಾತ್ರೆಯ ಗುಣಗಾನ ಮಾಡುತ್ತಾರೆ. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿರುವ ಕಾಲದಲ್ಲಿ ಈ ಚರ್ಚೆ ನಡೆಯಲೇಬೇಕು. ಆದರೆ ಇಷ್ಟೆಲ್ಲ ಮಾತಿನ ನಡುವೆ ಒಂದು ಅಂಗದ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ: ಓಡಿಸುವವರ ಬಲಗಾಲು. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎಂಬ ಗಾದೆ ನಮ್ಮ ತೆಂಗಿಗೆ ಗೌರವ ತರುವಂಥದು. ಕಾರಿನ ವಿಷಯದಲ್ಲಿ ಮಾತ್ರ ಅದು ನಡೆಯುವುದಿಲ್ಲ. ಎಂಜಿನ್ ಎಷ್ಟೇ ಒಳ್ಳೆಯದಿರಲಿ, ಕಾಲು ಭಾರವಾದರೆ ಟ್ಯಾಂಕು ಬೇಗ ಬರಿದಾಗುತ್ತದೆ.

ಕಂಪನಿಯವರು ಹೇಳುವ ಲೆಕ್ಕ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಎಷ್ಟು ಸೆಕೆಂಡು ಯಾವ ವೇಗ, ಯಾವಾಗ ನಿಲುಗಡೆ ಎಂಬುದೆಲ್ಲ ಮೊದಲೇ ಗೊತ್ತುಮಾಡಿದ ಕ್ರಮ. ಅದರ ಗರಿಷ್ಠ ವೇಗವೇ ಗಂಟೆಗೆ 90 ಕಿಲೋಮೀಟರ್. ಆ ಕೋಣೆಯೊಳಗೆ ಹಂಪಿಲ್ಲ, ಗುಂಡಿಯಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ, ಹಿಂದಿನ ಸೀಟಿನಲ್ಲಿ ಕೂತ ಬೀಗರೂ ಇಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಿ ನೋಡಲು ಆ ಅಂಕಿ ಬೇಕು. ಹುಳಿಯಾರಿನಿಂದ ತುರುವೇಕೆರೆಗೆ ಹೋಗುವಾಗಲೂ ಅಷ್ಟೇ ಬರುತ್ತದೆ ಎಂದು ಅದು ಯಾರಿಗೂ ಮಾತು ಕೊಟ್ಟಿಲ್ಲ.

ಟ್ಯಾಂಕಿಗೆ ಹಾಕಿಸಿದ ಪೆಟ್ರೋಲು ಹೋಗುವುದಾದರೂ ಎಲ್ಲಿಗೆ? ಅದರ ಶಕ್ತಿಯ ಬಹುಪಾಲು ಶಾಖವಾಗಿ ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ ಹೊರಗೆ ಹೋಗುತ್ತದೆ. ಚಕ್ರಕ್ಕೆ ಮುಟ್ಟುವುದು ಹೆಚ್ಚೆಂದರೆ ಕಾಲು ಭಾಗ. ಆ ಕಾಲು ಭಾಗದಲ್ಲೇ ಗಾಳಿಯನ್ನು ಸೀಳಬೇಕು, ಟಯರು ಉರುಳಬೇಕು, ಬ್ರೇಕು ಒತ್ತಿದಾಗಲೆಲ್ಲ ಒಂದಷ್ಟು ಸುಮ್ಮನೆ ಬಿಸಿಯಾಗಿ ಕಳೆದುಹೋಗಬೇಕು. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಸೀಮೆಯ ಹಟ್ಟಿ ನೆನಪಾಗುತ್ತದೆ. ತೆಂಗಿನ ಮರದಿಂದ ಬಿದ್ದ ಯಾವುದನ್ನು ನಾವು ಎಸೆದಿದ್ದೇವೆ? ಮಟ್ಟೆ ನಾರಿನ ಫ್ಯಾಕ್ಟರಿಗೆ, ಕರಟ ನೀರೊಲೆಗೋ ಇದ್ದಿಲಿಗೋ, ಗರಿ ಚಪ್ಪರಕ್ಕೆ, ಗರಿಯ ಕಡ್ಡಿ ಪೊರಕೆಗೆ, ನಾರಿನ ಪುಡಿ ಗೊಬ್ಬರಕ್ಕೆ. ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಪಾಡಿ, ಒಳಗಿನ ನೀರು ಆರಿ ಗಿಟುಕು ತಾನಾಗಿ ಬಿಡುವ ತನಕ ಕಾಯ್ದು ಉಂಡೆ ಕೊಬ್ಬರಿ ಮಾಡುವ ಜನ ನಾವು. ಇಷ್ಟು ಸಾವಧಾನ ಬಲ್ಲವರು ಪೆಟ್ರೋಲಿನ ವಿಷಯದಲ್ಲೂ ಜಾಣರಾಗಬಲ್ಲರು ಎಂಬ ನಂಬಿಕೆಯಿಂದಲೇ ಈ ಹರಟೆ. ಶಾಖವಾಗಿ ಹೋಗುವ ಮುಕ್ಕಾಲು ಪಾಲು ಎಂಜಿನ್ ಮಾಡುವವರ ಚಿಂತೆ. ಉಳಿದ ಕಾಲು ಪಾಲಿನ ಯಜಮಾನರು ನಾವೇ.

ಇನ್ನು ರಸ್ತೆಗೆ ಇಳಿಯೋಣ. ತುಮಕೂರಿನಿಂದ ಗುಬ್ಬಿ, ನಿಟ್ಟೂರು ದಾಟಿ ತಿಪಟೂರು, ಅರಸೀಕೆರೆ ಕಡೆಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 73; ಹಳಬರಿಗೆ ಅದು ಇನ್ನೂ 206. ಹಿರಿಯೂರಿನ ಕಡೆಯಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ ಮೇಲೆ ಬಂದು ತುರುವೇಕೆರೆ, ನಾಗಮಂಗಲಕ್ಕೆ ಇಳಿಯುವುದು 150ಎ. ಎರಡೂ ಕೂಡುವುದು ಕಿಬ್ಬನಹಳ್ಳಿ ಕ್ರಾಸಿನಲ್ಲಿ. ಹೆಸರಿಗೆ ಹೆದ್ದಾರಿಗಳಾದರೂ ಅವು ಹೋಗುವುದು ಊರುಗಳ ನಡುವೆ. ಸ್ಕೂಲು, ದೇವಸ್ಥಾನ, ಹಾಲಿನ ಡೇರಿ ಬಂದಲ್ಲಿ ಹಂಪು. ಮಕ್ಕಳು ಓಡಾಡುವ ಜಾಗದಲ್ಲಿ ಹಂಪು ಇರಲೇಬೇಕು, ಅದರ ಬಗ್ಗೆ ತಕರಾರಿಲ್ಲ. ಪೆಟ್ರೋಲು ದಂಡವಾಗುವುದು ಹಂಪಿನಿಂದಲ್ಲ, ಹಂಪಿನ ಮೂತಿಯವರೆಗೂ ಆಕ್ಸಿಲರೇಟರ್ ಒತ್ತಿಕೊಂಡು ಬಂದು ಅಲ್ಲಿ ಗಕ್ಕನೆ ಬ್ರೇಕು ಹಾಕುವುದರಿಂದ. ದುಡ್ಡು ಕೊಟ್ಟು ಗಳಿಸಿದ ವೇಗವೆಲ್ಲ ಬ್ರೇಕಿನ ಬಿಸಿಯಾಗಿ ಹೋಯಿತು. ಹಂಪು ದಾಟಿ ಮತ್ತೆ ಅದೇ ವೇಗಕ್ಕೆ ಏರಲು ಇನ್ನೊಮ್ಮೆ ದುಡ್ಡು.

ನುರಿತ ಡ್ರೈವರನ್ನು ಗಮನಿಸಿ. ಹಂಪು ದೂರದಲ್ಲಿ ಕಂಡೊಡನೆ ಕಾಲು ಎತ್ತುತ್ತಾನೆ. ಗಾಡಿ ಗೇರಿನಲ್ಲೇ ತಾನಾಗಿ ಇಳಿಯುತ್ತ ಬರುತ್ತದೆ, ಕೊನೆಗೆ ಬ್ರೇಕಿಗೆ ಬೆರಳಷ್ಟೇ ಕೆಲಸ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಇದಕ್ಕೆ ಇನ್ನೊಂದು ಲಾಭವಿದೆ. ಗೇರಿನಲ್ಲಿ ಓಡುತ್ತಿರುವಾಗ ಕಾಲು ಪೂರ್ತಿ ತೆಗೆದರೆ ಕಂಪ್ಯೂಟರು ಇಂಧನವನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಉಳಿತಾಯ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ. ಕಾರ್ಬುರೇಟರ್ ಕಾಲದಿಂದ ಬಂದ ಅಭ್ಯಾಸ ಅದು. ಈಗ ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದೆ ಉರಿಯಲು ಪೆಟ್ರೋಲು ಬೇಡುತ್ತದೆ. ಎಂಜಿನ್ನಿನ ಹಿಡಿತ ತಪ್ಪಿ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಉಳಿತಾಯವೂ ಇಲ್ಲ, ಕ್ಷೇಮವೂ ಇಲ್ಲ. ದಯವಿಟ್ಟು ಬಿಟ್ಟುಬಿಡಿ.

ರಸ್ತೆಯ ಮಾತು ಬಂದಾಗ ಒಕ್ಕಣೆಯನ್ನು ಬಿಡಲಾಗದು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರು ರಸ್ತೆಗೆ ಹರವಿ ವಾಹನಗಳ ಚಕ್ರದಿಂದ ಒಕ್ಕಿಸಿಕೊಳ್ಳುವುದು ನಮ್ಮ ಕಡೆ ಇದೆ. ಕಣ ಮಾಡಲು ಆಳಿಲ್ಲ, ಜಾಗವಿಲ್ಲ ಎಂಬ ರೈತರ ಕಷ್ಟ ನಿಜವಾದದ್ದೇ. ಆದರೂ ಆ ಹುಲ್ಲಿನ ಮೇಲೆ ಟಯರು ಜಾರುತ್ತದೆ, ಬಳ್ಳಿ ಆಕ್ಸಲ್ಲಿಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರಿಗೆ ತಗುಲಿದ ಒಣ ಹುಲ್ಲು ಹೊತ್ತಿಕೊಂಡು ಕಾರುಗಳು ಸುಟ್ಟದ್ದೂ ಇದೆ. ಹುರುಳಿ ಹಾಸಿನ ಮೇಲೆ ಹೋಗಲೇಬೇಕಾಗಿ ಬಂದರೆ, ದಾಟಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ ಕಾರಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ಚಕ್ರಕ್ಕೆ ಬಳ್ಳಿ ಸುತ್ತಿದ ಕಾರು ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ. ಆದರೆ ಅಲ್ಲಿ ಪೆಟ್ರೋಲಿಗಿಂತ ಪ್ರಾಣ ಮುಖ್ಯ.

ಈಗ ವೇಗಕ್ಕೆ ಬರುತ್ತೇನೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಎಂದರೆ 60ರಿಂದ 90ಕ್ಕೆ ಹೋದಾಗ ವೇಗ ಒಂದೂವರೆ ಪಟ್ಟು, ಎದುರಿನ ಗಾಳಿಯ ತಡೆ ಎರಡೂಕಾಲು ಪಟ್ಟು. 80ರಿಂದ 100ಕ್ಕೆ ಹೋದರೂ ತಡೆ ಒಂದೂವರೆ ಪಟ್ಟು ಮೀರುತ್ತದೆ. ತಿಪಟೂರಿನಿಂದ ತುಮಕೂರಿಗೆ ಸುಮಾರು 75 ಕಿಲೋಮೀಟರ್. ದಾರಿಯುದ್ದಕ್ಕೂ 80ರಲ್ಲಿ ಹೋದರೆ 56 ನಿಮಿಷ, 100ರಲ್ಲಿ ಹೋದರೆ 45. ಉಳಿಯುವುದು 11 ನಿಮಿಷ. ಅದೂ ಲೆಕ್ಕದ ಪುಸ್ತಕದಲ್ಲಿ. ಗುಬ್ಬಿಯ ಟ್ರಾಫಿಕ್ಕು, ಮುಂದೆ ಹೋಗುವ ಕಾಯಿ ಲಾರಿ, ಅಡ್ಡ ಬರುವ ಕುರಿ ಮಂದೆ, ಇವೆಲ್ಲ ಸೇರಿ ಆ 11 ನಿಮಿಷದಲ್ಲಿ ಅರ್ಧವನ್ನು ವಾಪಸು ಪಡೆದುಕೊಳ್ಳುತ್ತವೆ. ಪೆಟ್ರೋಲು ಮಾತ್ರ ವಾಪಸು ಬರುವುದಿಲ್ಲ.

ಈ ಪಾಠವನ್ನು ಒಂದು ದೊಡ್ಡ ದೇಶವೇ ಕಲಿಯಬೇಕಾಗಿ ಬಂದಿತ್ತು. 1973ರಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ತಡೆಹಿಡಿದಾಗ ಅಮೆರಿಕ ತತ್ತರಿಸಿತು. 1974ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಹೆದ್ದಾರಿಗಳ ವೇಗವನ್ನು ಗಂಟೆಗೆ 55 ಮೈಲಿಗೆ, ಎಂದರೆ ಸುಮಾರು 88 ಕಿಲೋಮೀಟರಿಗೆ ಕಟ್ಟಿಹಾಕುವ ಕಾನೂನು ತಂದಿತು. ಉದ್ದೇಶ ಪೆಟ್ರೋಲು ಉಳಿಸುವುದು. ನಮ್ಮ ದೇಶದಲ್ಲೂ 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ, ಪಿಸಿಆರ್‌ಎ, ಶುರುವಾಯಿತು. 45ರಿಂದ 55ರ ವೇಗದಲ್ಲಿ ಹೋಗಿ ಎಂದು ಅದು ಹೇಳುತ್ತ ಬಂದಿದೆ. ಇಂದಿನ ಹೆದ್ದಾರಿಯಲ್ಲಿ ಅಷ್ಟು ನಿಧಾನ ಹೋದರೆ ಹಿಂದಿನವರು ಹಾರನ್ ಹೊಡೆದಾರು. ಆದರೆ 70ರ ಆಸುಪಾಸಿನಲ್ಲಿ, ಮೇಲಿನ ಗೇರಿನಲ್ಲಿ, ಒಂದೇ ಹದವಾಗಿ ಹೋಗಲು ಯಾರ ಅಡ್ಡಿಯೂ ಇಲ್ಲ.

ಟಯರಿನ ಗಾಳಿಯ ವಿಷಯದಲ್ಲಿ ನಮ್ಮವರದು ಕೈಯಂದಾಜು. ಬೂಟಿನಿಂದ ಒಮ್ಮೆ ಒದ್ದು, “ಐತೆ ಬಿಡಣ್ಣ, ಗಟ್ಟಿ ಐತೆ” ಅನ್ನುವವರೇ ಹೆಚ್ಚು. ಟ್ಯೂಬಿಲ್ಲದ ಟಯರು ಎಷ್ಟೋ ಗಾಳಿ ಕಳೆದುಕೊಂಡರೂ ಕಣ್ಣಿಗೆ ಕಾಣುವುದಿಲ್ಲ. ಎಷ್ಟು ಗಾಳಿ ಬೇಕೆಂದು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲೇ ಬರೆದಿರುತ್ತದೆ. ಜನ, ಹೊರೆ ತುಂಬಿದಾಗಿನ ಲೆಕ್ಕವೂ ಅಲ್ಲೇ ಇರುತ್ತದೆ. ಟಯರು ತಣ್ಣಗಿರುವಾಗ, ಮನೆಯಿಂದ ಹೊರಟು ಮೊದಲು ಸಿಗುವ ಬಂಕಿನಲ್ಲೇ ನೋಡಿಸಬೇಕು. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ ನಾಲ್ಕೂ ಟಯರಿನಲ್ಲಿ 10 ಪಿಎಸ್‌ಐ ಕಡಿಮೆಯಾದರೆ ಪೆಟ್ರೋಲು ನೂರಕ್ಕೆ ಎರಡರಷ್ಟು ಹೆಚ್ಚು ಖರ್ಚು. ಎರಡೇ ತಾನೇ ಅನ್ನಬೇಡಿ. ಆ ಟಯರು ಬೇಗ ಸವೆಯುತ್ತದೆ, ಬಿಸಿಯಾಗುತ್ತದೆ, ಬೇಸಿಗೆಯಲ್ಲಿ ಸಿಡಿಯುವ ಭಯವೂ ಉಂಟು.

ಹೊರೆಯದೂ ಹೀಗೆಯೇ. ತೋಟದ ಮನೆಯವರ ಕಾರಿನ ಡಿಕ್ಕಿ ತೆಗೆದರೆ ಅದೊಂದು ಸಣ್ಣ ಉಗ್ರಾಣ: ಅರ್ಧ ಚೀಲ ಕಾಯಿ, ಮೋಟರಿನ ಸ್ಟಾರ್ಟರು, ಡ್ರಿಪ್ ಪೈಪಿನ ಸುರುಳಿ, ಕುಡುಗೋಲು, ಕಳೆದ ಜಾತ್ರೆಗೆ ಒಯ್ದ ಪಾತ್ರೆ. 45 ಕಿಲೋ ಹೆಚ್ಚಿನ ಭಾರಕ್ಕೆ ನೂರಕ್ಕೆ ಒಂದರಷ್ಟು ಪೆಟ್ರೋಲು ಹೆಚ್ಚು. ಚಿಕ್ಕ ಕಾರಾದರೆ ಇನ್ನೂ ಹೆಚ್ಚು. ನೆಂಟರ ಮನೆಗೆ ಕಾಯಿ ಒಯ್ಯಬೇಡಿ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಮಗಳ ಮನೆಗೆ ಊರ ಕಾಯಿ ಹೋಗದಿದ್ದರೆ ಆ ಪ್ರಯಾಣಕ್ಕೇ ಅರ್ಥವಿಲ್ಲ. ಕೊಟ್ಟು ಬಂದ ಮೇಲೆ ಡಿಕ್ಕಿ ಖಾಲಿಯಿರಲಿ ಅಷ್ಟೆ. ಇದಕ್ಕಿಂತ ದುಬಾರಿ ಎಂದರೆ ಕಾರಿನ ನೆತ್ತಿಯ ಮೇಲಿನ ಕ್ಯಾರಿಯರು. ಅದರ ಮೇಲೆ ದೊಡ್ಡ ಗಂಟು ಕಟ್ಟಿಕೊಂಡು ಹೆದ್ದಾರಿಯಲ್ಲಿ ಜೋರಾಗಿ ಹೋದರೆ ಖರ್ಚು ನೂರಕ್ಕೆ ಹತ್ತು, ಇಪ್ಪತ್ತರಷ್ಟು ಏರಬಹುದು. ಬಳಸದಿರುವಾಗ ಬಿಚ್ಚಿಡುವುದು ಸ್ಪ್ಯಾನರಿನ ಹತ್ತು ನಿಮಿಷದ ಕೆಲಸ.

ಎಂಜಿನ್ ಉರಿಸಿಕೊಂಡು ನಿಲ್ಲುವುದು ಇನ್ನೊಂದು ರೋಗ. ಹರಾಜಿನ ದಿನ ತಿಪಟೂರಿನ ಎಪಿಎಂಸಿ ಸುತ್ತ ನೋಡಿ. ದೇಶದಲ್ಲೇ ಹೆಸರಾದ ಕೊಬ್ಬರಿ ಮಾರುಕಟ್ಟೆ. ಆಟೋ, ಟ್ರ್ಯಾಕ್ಟರು, ಲಾರಿಗಳ ನಡುವೆ ಎಸಿ ಹಾಕಿಕೊಂಡು ಫೋನಿನಲ್ಲಿ ರೇಟು ಕೇಳುತ್ತ ಕುಳಿತ ಕಾರುಗಳು. ಚಿಕ್ಕ ಎಂಜಿನ್ನೂ ನಿಂತಲ್ಲೇ ಗಂಟೆಗೆ ಅರ್ಧ ಲೀಟರಿಗೂ ಮಿಕ್ಕಿ ಕುಡಿಯುತ್ತದೆ, ಎಸಿ ಹಾಕಿದರೆ ಇನ್ನೂ ಹೆಚ್ಚು. ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಕೀ ತಿರುಗಿಸಿಬಿಡುವುದೇ ಸರಿ. ಎಸಿಯನ್ನು ಪೂರ್ತಿ ದೂರಬೇಕಾಗಿಲ್ಲ: ಊರೊಳಗೆ ನಿಧಾನ ಹೋಗುವಾಗ ಕಿಟಕಿ ತೆರೆಯಿರಿ, ಹೆದ್ದಾರಿಯ ವೇಗದಲ್ಲಿ ತೆರೆದ ಕಿಟಕಿ ಗಾಳಿಯನ್ನು ಒಳಗೆಳೆದು ತಡೆ ಹೆಚ್ಚಿಸುತ್ತದೆ, ಅಲ್ಲಿ ಎಸಿ ಹಾಕಿಕೊಳ್ಳಿ. ನೆರಳಲ್ಲಿ ನಿಲ್ಲಿಸಿದರೆ ಹತ್ತಿದೊಡನೆ ಎಸಿಗೆ ಬೀಳುವ ಶ್ರಮ ಕಡಿಮೆ. ಹೊಂಗೆ, ಹುಣಸೆ, ಮಾವು ಯಾವುದರ ನೆರಳಾದರೂ ಆಗುತ್ತದೆ. ತೆಂಗಿನದು ಬೇಡ, ಏಕೆ ಎಂದು ತಿಪಟೂರಿನವರಿಗೆ ವಿವರಿಸಬೇಕಿಲ್ಲ.

ತೆಂಗು ಎಂದಾಗ ಇನ್ನೊಂದು ದಾರಿಗೆ ಮನಸ್ಸು ಹೊರಳುತ್ತದೆ. ಪೆಟ್ರೋಲು ಸಿಗದಿದ್ದ ಕಾಲವೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಒಲೆಯಂಥ ಡಬ್ಬ ಕಟ್ಟಿ, ಇದ್ದಿಲು ಸುಟ್ಟು, ಆ ಗ್ಯಾಸಿನಿಂದ ಓಡಿಸಿದರು. ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆಯ ಗ್ಯಾಸಿನಿಂದ ಡೀಸೆಲ್ ಎಂಜಿನ್ ನಡೆಸಿ ಊರಿಗೆ ದೀಪ ಕೊಟ್ಟರು. ಪೆಸಿಫಿಕ್ಕಿನ ಬೂಗೆನ್‌ವಿಲ್ ದ್ವೀಪದಲ್ಲಿ 1990ರ ದಶಕದಲ್ಲಿ ಅಂತರ್ಯುದ್ಧದ ದಿಗ್ಬಂಧನದಿಂದ ಡೀಸೆಲ್ ನಿಂತಾಗ ಅಲ್ಲಿನ ಜನ ತೆಂಗಿನೆಣ್ಣೆ ತೆಗೆದು ಗಾಡಿಗಳನ್ನು ಓಡಿಸಿದರು. ಫಿಲಿಪೀನ್ಸ್ 2007ರಲ್ಲಿ ಕಾನೂನನ್ನೇ ಜಾರಿಗೆ ತಂದಿತು. ಅಲ್ಲಿನ ಡೀಸೆಲ್ಲಿಗೆ ತೆಂಗಿನೆಣ್ಣೆಯಿಂದ ಮಾಡಿದ ಜೈವಿಕ ಡೀಸೆಲ್ ಬೆರೆಯುತ್ತದೆ. ಹಾಗೆಂದು ನಮ್ಮ ಉಂಡೆ ಕೊಬ್ಬರಿಯನ್ನು ಗಾಣಕ್ಕೆ ಹಾಕಿ ಡೀಸೆಲ್ ಮಾಡಿ ಎಂದು ನಾನು ಹೇಳಲಾರೆ. ಅದು ಉತ್ತರ ಭಾರತದವರ ಹಬ್ಬಕ್ಕೆ, ಸಿಹಿಗೆ, ದೇವರ ಪ್ರಸಾದಕ್ಕೆ ಹೋಗುವ ತಿನ್ನುವ ವಸ್ತು. ಅದಕ್ಕೆ ಅದರದೇ ಬೆಲೆಯಿದೆ. ಇಂಧನ ಎಷ್ಟು ದುರ್ಲಭ ವಸ್ತು ಎಂಬುದು ಅದು ನಿಂತ ದಿನವೇ ಜನಕ್ಕೆ ಗೊತ್ತಾಯಿತು, ಅಷ್ಟನ್ನು ನಾವು ನೆನಪಿಟ್ಟರೆ ಸಾಕು.

ಬೆರಕೆಯ ಮಾತು ಬಂತಲ್ಲ, ಎಥೆನಾಲಿನ ವಿಷಯವನ್ನೂ ಹೇಳಿಬಿಡುತ್ತೇನೆ. 2023ರ ಫೆಬ್ರವರಿ 6ರಂದು ಪ್ರಧಾನಿ ಬೆಂಗಳೂರಿನಲ್ಲಿ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದರು. ಅದೇ ದಿನ ನಮ್ಮ ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನೂ ಉದ್ಘಾಟಿಸಿದರು. ಇ20 ಎಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲು. ಲೀಟರು ಲೀಟರಿಗೆ ನೋಡಿದರೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಹಳೆಯ ಕಾರುಗಳಲ್ಲಿ ಮೈಲೇಜು ನೂರಕ್ಕೆ ಆರೇಳರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಆದ್ದರಿಂದ ಹಳೆಯ ಗಾಡಿ ಮೊದಲಿನಷ್ಟು ಕೊಡುತ್ತಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಹಾಗೆ ಕಳೆದುಹೋಗುವುದನ್ನು ಕಾಲಿನ ಹದದಿಂದ, ಟಯರಿನ ಗಾಳಿಯಿಂದ ಗಳಿಸಿಕೊಳ್ಳಬಹುದು ಎಂಬುದೂ ಅಷ್ಟೇ ನಿಜ.

ಮೈಲೇಜು ಅಳೆಯುವುದನ್ನೂ ಸರಿಯಾಗಿ ಮಾಡೋಣ. ಐನೂರು ರೂಪಾಯಿಗೆ ಹಾಕಿಸಿ ಮುಳ್ಳು ಎಲ್ಲಿಗೆ ಬಂತು ಎಂದು ನೋಡುವುದು ಅಳತೆಯಲ್ಲ. ಒಮ್ಮೆ ಟ್ಯಾಂಕು ತುಂಬಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಎಂದಿನಂತೆ ಓಡಿಸಿ. ಮುಂದಿನ ಸಲ ಅದೇ ಬಂಕಿನಲ್ಲಿ, ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಎರಡು ಮೂರು ಸಲದ ಸರಾಸರಿ ತೆಗೆದರೆ ನಂಬಬಹುದಾದ ಲೆಕ್ಕ. ಇಲ್ಲೊಂದು ಸೂಕ್ಷ್ಮವಿದೆ. ಲೀಟರಿಗೆ 10 ಕೊಡುವ ಜೀಪನ್ನು 15ಕ್ಕೆ ಏರಿಸಿದರೆ ಸಾವಿರ ಕಿಲೋಮೀಟರಿಗೆ 33 ಲೀಟರು ಉಳಿಯುತ್ತದೆ. 20 ಕೊಡುವ ಚಿಕ್ಕ ಕಾರನ್ನು 25ಕ್ಕೆ ಏರಿಸಿದರೆ ಉಳಿಯುವುದು 10 ಲೀಟರು. ಎರಡು ಕಡೆಯೂ ಏರಿದ್ದು ಐದೇ. ಮನೆಯಲ್ಲಿ ಎರಡು ಗಾಡಿಯಿದ್ದರೆ ಹೆಚ್ಚು ಕುಡಿಯುವುದನ್ನು ಮೊದಲು ಸರಿಪಡಿಸಿ, ಸಾಧ್ಯವಾದಷ್ಟು ಮನೆಯಲ್ಲೇ ಬಿಡಿ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಹೊರಡುವ ಮುಂಚೆಯೇ ಆಗುವಂಥದು. ತಣ್ಣಗಿರುವ ಎಂಜಿನ್ ಮೊದಲ ಕೆಲವು ಕಿಲೋಮೀಟರಿನಲ್ಲಿ ಬಹಳ ಕುಡಿಯುತ್ತದೆ. ಬೆಳಿಗ್ಗೆ ಹಾಲಿಗೆ, ಹತ್ತಕ್ಕೆ ಬ್ಯಾಂಕಿಗೆ, ಸಂಜೆ ಔಷಧಿಗೆ ಎಂದು ಮೂರು ಸಲ ತೆಗೆದರೆ ಮೂರು ಸಲವೂ ಅದೇ ದಂಡ. ತಾಲ್ಲೂಕು ಕಚೇರಿ, ಗೊಬ್ಬರದ ಅಂಗಡಿ, ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಇವನ್ನೆಲ್ಲ ಸಂತೆಯ ದಿನದ ಒಂದೇ ಸುತ್ತಿಗೆ ಹೊಂದಿಸಿಕೊಳ್ಳುವುದು ನಮ್ಮ ಹಿರಿಯರ ಗಾಡಿಯ ಕಾಲದ ಜಾಣತನ. ಇನ್ನು ಬೆಂಗಳೂರಿಗೆ ಒಬ್ಬರೇ ಹೋಗುವುದಾದರೆ ಕಾರೇಕೆ? ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ, ಅರಳಗುಪ್ಪೆ, ಕರಡಿ, ತಿಪಟೂರು, ನಮ್ಮ ಊರುಗಳನ್ನೇ ಪೋಣಿಸಿಕೊಂಡು ರೈಲಿನ ದಾರಿ ಹೋಗುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪಟ್ಟಣಗಳಿಗೆ ಸ್ಟೇಷನ್ ಇಲ್ಲ ನಿಜ. ಬಾಣಸಂದ್ರಕ್ಕೋ ತಿಪಟೂರಿಗೋ ಕಾರಿನಲ್ಲಿ ಬಂದು ಅಲ್ಲಿಂದ ರೈಲು ಹತ್ತಿದರೂ ಟ್ಯಾಂಕಿನ ಬಹುಪಾಲು ಉಳಿಯಿತು. ರೈಲಿಗೆ ಬಂದು ಹೋಗುವ ಬಸ್ಸುಗಳು ಹೆಚ್ಚಿದರೆ ಆ ಕಾರೂ ಬೇಕಾಗುವುದಿಲ್ಲ. ಅದನ್ನು ನಾವು ಗಟ್ಟಿಯಾಗಿ ಕೇಳಬೇಕು.

ಕೊನೆಯದಾಗಿ ಒಂದು ಲೆಕ್ಕ ಕೊಟ್ಟು ಮುಗಿಸುತ್ತೇನೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ, ಲೀಟರಿಗೆ 15 ಕೊಡುವ ಕಾರನ್ನು ಮೇಲೆ ಹೇಳಿದ ಅಭ್ಯಾಸಗಳಿಂದ 18ಕ್ಕೆ ತರಬಹುದು. ಅದಕ್ಕೆ ಯಾವ ಮಾತ್ರೆಯೂ ಬೇಡ, ಯಾವ ಯಂತ್ರವನ್ನೂ ಕೊಳ್ಳಬೇಕಿಲ್ಲ. ತಿಂಗಳಿಗೆ 11 ಲೀಟರು, ವರ್ಷಕ್ಕೆ 130 ಲೀಟರಿಗೂ ಮೇಲೆ ಉಳಿಯುತ್ತದೆ. ಲೀಟರಿಗೆ ನೂರು ರೂಪಾಯಿಯೆಂದೇ ಇಟ್ಟುಕೊಂಡರೂ 13,000 ರೂಪಾಯಿ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100. ಒಂದು ಕ್ವಿಂಟಾಲ್ ಕೊಬ್ಬರಿ ಬೆಳೆಯಲು ಎಷ್ಟು ಮರಕ್ಕೆ ನೀರು ಹಾಯಿಸಬೇಕು, ಎಷ್ಟು ಕಾಯಿ ಸುಲಿಯಬೇಕು ಎಂಬುದು ನಿಮಗೇ ಗೊತ್ತು. ಅಷ್ಟು ದುಡ್ಡನ್ನು ಸೈಲೆನ್ಸರಿನಿಂದ ಹೊರಗೆ ಬಿಡಬೇಡಿ. ಈ ವಾರವೇ ಗಾಳಿ ನೋಡಿಸಿ, ಡಿಕ್ಕಿ ಖಾಲಿ ಮಾಡಿ, ಕಾಲು ಹಗುರ ಮಾಡಿಕೊಂಡು ಓಡಿಸಿ.